ಟಣ್ಣಪ್ಪನ ಕಿರುಬೆರಳು

ಈ ರಾದ್ಧಾಂತಕ್ಕೆಲ್ಲ ಮೂಲ ಒಂದು ಕಿರುಬೆರಳು. ಅದೂ ಎಡಗೈಯದ್ದು. ಕಿವಿ ತುರಿಸಿಕೊಳ್ಳುವುದಕ್ಕೆ ಬಿಟ್ಟರೆ ಮನುಷ್ಯನಿಗೆ ನೆನಪೇ ಆಗದ ಬೆರಳು. ಆದರೆ ಟಣ್ಣಪ್ಪನ ಕಿರುಬೆರಳು ಅವನ ಮಾನವನ್ನೂ ಅವನ ಬ್ಯಾಂಜೊವನ್ನೂ ಒಂದೇ ದಿನ ಪಣಕ್ಕೆ ಇಟ್ಟುಬಿಟ್ಟಿತು.

ಟಣ್ಣಪ್ಪ ಅಂದರೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆ ಹೆಸರು ಬೇರೆ ಇದೆ, ಸಂಬಳದ ದಿನ ಉಪಯೋಗಕ್ಕೆ ಬರುತ್ತದೆ. ಟಣ್ಣಪ್ಪ ಅಂತ ಕರೆದವರು ಅವನ ಬಿಲ್ಡಿಂಗಿನವರು. ಯಾಕೆ ಕರೆದರು ಅಂತ ಹೇಳಬೇಕಾದರೆ ಬ್ಯಾಂಜೊ ಕತೆ ಹೇಳಲೇಬೇಕು.

ಅವನಿಗೆ ಕೆಲಸ ಬಸ್ ನಿಲ್ದಾಣದಲ್ಲಿ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನು ಕಾಯುವ ಕೌಂಟರು. ಛತ್ರಿ, ಚೀಲ, ಕನ್ನಡಕ, ಒಂಟಿ ಚಪ್ಪಲಿ, ಒಂದು ಸಲ ಹಲ್ಲಿನ ಸೆಟ್ಟು. ಹಲ್ಲು ಮರೆತು ಮನೆಗೆ ಹೋಗಿ ಊಟಕ್ಕೆ ಕೂತ ಆ ಪುಣ್ಯಾತ್ಮ ಯಾರೋ! ಹೀಗೆ ಬಂದ ಸಾಮಾನಿನಲ್ಲಿ ಒಂದು ದಿನ ಈ ಬ್ಯಾಂಜೊ ಬಂತು. ದುಂಡನೆಯ ಚೌಕಟ್ಟಿಗೆ ಬಿಗಿದ ಚರ್ಮ, ಉದ್ದನೆಯ ಕತ್ತು, ಐದು ತಂತಿ. ಅದರಲ್ಲಿ ಐದನೆಯ ತಂತಿ, ಅರ್ಧ ದಾರಿಯಲ್ಲಿ ಬಸ್ ಹತ್ತಿದ ಪ್ರಯಾಣಿಕನ ಹಾಗೆ, ಕತ್ತಿನ ಮಧ್ಯದಿಂದ ಶುರುವಾಗುತ್ತದೆ. ವರ್ಷ ಕಳೆದರೂ ಕೇಳುವವರು ಬರಲಿಲ್ಲ. ಹೀಗೆ ಉಳಿದ ಸಾಮಾನನ್ನು ಆಫೀಸಿನವರಿಗೇ ಹಂಚುವ ದಿನ ಛತ್ರಿಗಳಿಗೆ ಕಿತ್ತಾಟವಾಯಿತೇ ಹೊರತು ಇದನ್ನು ಯಾರೂ ಮುಟ್ಟಲಿಲ್ಲ. "ಜರಡಿಗೆ ಹಿಡಿ ಹಾಕಿದ ಹಾಗಿದೆ. ನೀವೇ ತಗೊಂಡ್ಹೋಗಿ ಪುಣ್ಯ ಕಟ್ಕೊಳ್ರೀ" ಅಂದರು ಸಾಹೇಬರು.

ಬೆಳಗಿನಿಂದ ಸಂಜೆವರೆಗೆ ಬೇರೆಯವರ ಸಾಮಾನು ಬೇರೆಯವರಿಗೆ ಕೊಡುವುದೇ ಜೀವನವಾಗಿದ್ದ ಮನುಷ್ಯ. ತಾನಾಗಿ ತನ್ನ ಕೈಗೆ ಬಂದದ್ದು ಅಂತ ಅವನಿಗೆ ಇದ್ದದ್ದು ಇದೊಂದೇ. ಅದನ್ನು ಮನೆಗೆ ತಂದ ದಿನ ಅವನು ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲವಂತೆ, ಎಲ್ಲಿ ಜಜ್ಜಿಹೋಗುತ್ತದೋ ಅಂತ.

ಗುರು ಸಿಕ್ಕಿದ್ದು ಫೋನಿನಲ್ಲಿ. ಯಾವುದೋ ದೂರದ ದೇಶದ ಬಿಳಿಗಡ್ಡದ ಅಜ್ಜ, ಮನೆ ಮುಂದಿನ ಮರದ ಮೆಟ್ಟಿಲ ಮೇಲೆ ಕೂತು ಒಂದು ಹಳೇ ರಾಗ ನುಡಿಸುತ್ತಾನೆ. ಬೆಟ್ಟ ಹತ್ತಿ ಇಳಿದ ಹಾಗಿನ ರಾಗ. ಟಣ್ಣಪ್ಪ ಅದನ್ನೇ ಹಿಡಿದ. ಎರಡು ವರ್ಷ, ದಿನಾ ಸಂಜೆ, ಅದೊಂದೇ ರಾಗ! ಮೊದಮೊದಲು ಪಾತ್ರೆ ಉರುಳಿದ ಹಾಗೆ ಕೇಳುತ್ತಿತ್ತು. ಬೆರಳ ತುದಿಗೆ ಬೊಬ್ಬೆ ಬಂತು, ಒಡೆಯಿತು, ಕೊನೆಗೆ ಗಟ್ಟಿಯಾಯಿತು. ನಾವಾಗಿದ್ದರೆ ಒಂದೇ ವಾರದಲ್ಲಿ ಅಟ್ಟಕ್ಕೆ ಹಾಕಿ ಮರೆತಿರುತ್ತಿದ್ದೆವು. ಅವನು ಬಿಡಲಿಲ್ಲ ನೋಡಿ. ಒಂದೊಂದಾಗಿ ತಪ್ಪುಗಳನ್ನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆದ. ಭೇಷ್ ಅನ್ನದೆ ಇರುವುದಕ್ಕೆ ಆಗುವುದಿಲ್ಲ.

ಉಳಿದದ್ದು ಒಂದೇ ಕಲ್ಲು. ರಾಗ ಬೆಟ್ಟದ ತುದಿ ಮುಟ್ಟುವ ಜಾಗದಲ್ಲಿ ಕಿರುಬೆರಳು ಚಾಚಿ, ಕತ್ತಿನ ಅಡ್ಡಪಟ್ಟಿಗಳಲ್ಲಿ ದೂರದ ಪಟ್ಟಿಯ ಮೇಲೆ ತಂತಿ ಒತ್ತಬೇಕು. ಕಿರುಬೆರಳು ಹಿಂದೆ ಮುಂದೆ ನೋಡುತ್ತದೆ. ಅಷ್ಟರಲ್ಲಿ ಬಲಗೈ ತನ್ನ ಪಾಡಿಗೆ ತಾನು ಬಾರಿಸಿ ಬಿಡುತ್ತದೆ. ಒತ್ತದ ತಂತಿ ‘ಟಣ್’ ಅನ್ನುತ್ತದೆ. ಟಣ್ಣಪ್ಪ ನಿಂತು, ಬೆರಳನ್ನು ಕಣ್ಣಿಂದ ಹುಡುಕಿ, ಜಾಗಕ್ಕೆ ಕೂರಿಸಿ ಮುಂದಕ್ಕೆ ಹೋಗುತ್ತಾನೆ. ಎರಡು ವರ್ಷವೂ ಒಂದೇ ಜಾಗದಲ್ಲಿ ಅದೇ ಟಣ್. ಹೆಸರು ಬಂದದ್ದು ಹಾಗೆ. ಬ್ಯಾಂಜೊ ಬೆನ್ನಿಗೆ ಹಳೇ ಟವೆಲ್ ತುರುಕಿ ಸದ್ದು ಅಡಗಿಸಲು ನೋಡಿದ. ಆ ವಾದ್ಯಕ್ಕೆ ಪಿಸುಮಾತು ಗೊತ್ತಿಲ್ಲ. ಟವೆಲ್ ಒಳಗಿಂದಲೂ ಮೂರು ಅಂತಸ್ತಿಗೂ ಕೇಳುತ್ತಿತ್ತು.

ಆ ದಿನ ಬೆಳಗ್ಗೆ ಅವನು ಮೆಟ್ಟಿಲು ಇಳಿಯುವಾಗ ಕೆಳಮನೆಯ ಅಧ್ಯಕ್ಷರು ಅಡ್ಡ ನಿಂತರು. ರಿಟೈರಾದ ಹೆಡ್‌ಮೇಷ್ಟ್ರು, ಈಗ ಬಿಲ್ಡಿಂಗಿನ ಸಂಘಕ್ಕೆ ಅಧ್ಯಕ್ಷರು. ಬಾಗಿಲಲ್ಲಿ ಬಾಗಿ ಏಳುವ ವ್ಯಾಯಾಮ ಮಾಡಿ ಬೆವರು ಒರೆಸಿಕೊಳ್ಳುತ್ತಿದ್ದರು.

"ಟಣ್ಣಪ್ಪನೋರೇ, ಸಂಜೆ ಟೆರೇಸ್ ಮೇಲೆ ಮೀಟಿಂಗು. ನಿಮ್ಮ ವಿಷಯ ತಗೋತೀವಿ."

"ನನ್ನ ವಿಷಯಾನಾ ಸಾರ್? ನೀರಿನ ಟ್ಯಾಂಕ್ ಸೋರೋದು ಅಂದಿದ್ರಲ್ಲಾ?"

"ಟ್ಯಾಂಕು ಆಮೇಲೂ ಸೋರುತ್ತೆ. ಮೊದಲು ನಿಮ್ಮದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನೋ ಹಾಗೆ ಎರಡು ವರ್ಷದಿಂದ ಒಂದೇ ಪಾಠ! ನಾನು ಮೇಷ್ಟ್ರಾಗಿದ್ದೋನು. ಎರಡು ವರ್ಷ ಒಂದೇ ಪಾಠ ಓದಿದ ಹುಡುಗ ಪರೀಕ್ಷೆಗೆ ಕೂರಬೇಕೋ ಬೇಡ್ವೋ?"

"ಕೂರಬೇಕು ಸಾರ್."

"ಹಾಂ. ಎಲ್ಲರ ಎದುರು ಒಂದು ಸಲ, ಮೊದಲಿಂದ ಕೊನೇವರೆಗೆ, ಒಂದೂ ತಪ್ಪಿಲ್ಲದೆ ನುಡಿಸಿ. ಪಾಸಾದ್ರೆ ಜೀವನಪೂರ್ತಿ ಬಾರಿಸ್ಕೊಳ್ಳಿ, ಕೇಳೋರಿಲ್ಲ. ತಪ್ಪಿದ್ರೆ ಅದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಒಪ್ಪಿಗೆ ತಾನೇ?"

ಒಪ್ಪಿಗೆ ಇಲ್ಲ ಅನ್ನುವಷ್ಟು ಬಾಯಿ ಅವನಿಗೆ ದೇವರು ಕೊಟ್ಟಿರಲಿಲ್ಲ. "ಆಯ್ತು ಸಾರ್" ಅಂದವನೇ ವಾಪಸ್ ಮೇಲೆ ಓಡಿದ.

ಅವನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಹೊರಡುವ ಅವಸರದಲ್ಲಿದ್ದಳು. ವಿಷಯ ಕೇಳಿ ಬ್ಯಾಗು ಕೆಳಗಿಟ್ಟಳು.

"ಒಂದೂ ತಪ್ಪಿಲ್ಲದೇನಾ? ಆ ಟಣ್?"

"ಅದೇ ಕಣೇ. ಈ ಬೆರಳು ನನ್ನ ಮಾತು ಕೇಳಲ್ಲ."

"ಇವತ್ತು ಕೇಳಿಸ್ರೀ ಹಾಗಾದ್ರೆ. ಆ ಅಜ್ಜನ್ನ ಎರಡು ವರ್ಷ ಅಡುಗೆಮನೇಲಿ ನಿಂತು ಕೇಳಿದೀನಿ. ಈಗ ಬ್ಯಾಂಜೊ ಮನೆ ಬಿಟ್ಟು ಹೋದ್ರೆ ನನಗೂ ಸೇರಲ್ಲ" ಅಂದಳು. ಅಷ್ಟು ಹೇಳಿ, ಎಲ್ಲಿ ಕಣ್ಣು ತೇವ ಆದದ್ದು ಗೊತ್ತಾಗುತ್ತದೋ ಅಂತ ದಡದಡ ಇಳಿದು ಹೋದಳು.

ಟಣ್ಣಪ್ಪ ಬ್ಯಾಂಜೊಗೆ ತಲೆದಿಂಬಿನ ಕವರ್ ಹಾಕಿ ಆಫೀಸಿಗೇ ಹೊತ್ತುಕೊಂಡು ಹೊರಟ, ಬಿಡುವಾದಾಗ ಅಭ್ಯಾಸ ಮಾಡೋಣ ಅಂತ. ಬಸ್ಸಿನಲ್ಲಿ ಪಕ್ಕದ ಹೆಂಗಸು "ಬಾಣಲೆಯಾ? ಎಲ್ಲಿ ಸಿಕ್ತು? ಹಿಡಿ ಚೆನ್ನಾಗಿದೆ" ಅಂತ ಇಳಿಯುವವರೆಗೂ ವಿಚಾರಿಸಿದಳು. ಕಂಡಕ್ಟರು ಇದನ್ನು ನೋಡಿ, "ಸಾರ್, ಮರೀದೆ ತಗೊಂಡು ಇಳೀರಿ. ಮರೆತ್ರೆ ನಿಮ್ಮ ಹತ್ರಾನೇ ಬಂದು ನೀವೇ ಕೇಳಬೇಕಾಗುತ್ತೆ" ಅಂತ ನಕ್ಕ. ಆ ಮಾತು ಅವತ್ತೇ ನಿಜವಾಗುತ್ತದೆ ಅಂತ ಕಂಡಕ್ಟರಿಗೂ ಗೊತ್ತಿರಲಿಲ್ಲ.

ಕೌಂಟರಿನ ಹಿಂದಿನ ಕೋಣೆಯಲ್ಲಿ, ಛತ್ರಿಗಳ ರಾಶಿಯ ಮಧ್ಯೆ ಸ್ಟೂಲು ಹಾಕಿಕೊಂಡು ಅವನು ಶುರು ಮಾಡಿದ. ಬೆಟ್ಟ ಹತ್ತಿದ. ಟಣ್. ಮತ್ತೆ ಹತ್ತಿದ. ಟಣ್. ಕಿರುಬೆರಳನ್ನು ಬೈದ, ಬೇಡಿಕೊಂಡ, ನೀವಿದ. ಟಣ್. ಹೀಗೆ ಬೆರಳಿಗೂ ಅವನಿಗೂ ಮಾತುಕತೆ ನಡೆದಿರುವಾಗ ಹೊರಗೆ ಸಾಹೇಬರ ಚಪ್ಪಲಿ ಸದ್ದು ಕೇಳಿತು. ಕೆಲಸದ ವೇಳೆಯಲ್ಲಿ ಸಂಗೀತ! ಟಣ್ಣಪ್ಪ ಎದ್ದವನೇ ಬ್ಯಾಂಜೊವನ್ನು ಕವರಿಗೆ ತುರುಕಿ, ಕಬ್ಬಿಣದ ಬೀರುವಿಗೆ ನೂಕಿ ಬಾಗಿಲು ಧಡ್ ಅಂತ ಹಾಕಿದ. ಬ್ಯಾಂಜೊ ಪೂರ್ತಿ ಒಳಗೆ ಹೋಗಿತ್ತು. ಕಿರುಬೆರಳು ಹೊರಗೆ ಬಂದಿರಲಿಲ್ಲ.

"ಅಯ್ಯಪ್ಪಾ!" ಬೆರಳು ಕಿತ್ತುಕೊಂಡು ಬೆನ್ನ ಹಿಂದೆ ಅಡಗಿಸಿದ.

"ಏನ್ರೀ ಅದು?" ಸಾಹೇಬರು ಇಣುಕಿದರು.

"ಏನಿಲ್ಲ ಸಾರ್... ಯಾರೋ ಛತ್ರಿ ಮರೆತು ಹೋಗಿದಾರೆ ಅಂತ ಸಂಕಟ ಆಯ್ತು."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿಲು ಸರಿಯಾಗಿ ಮುಚ್ಚಿಲ್ಲದ ಬೀರುವನ್ನು ನೋಡಿದರು. ಶಿಸ್ತಿನ ಮನುಷ್ಯ, ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಯಾವುದೋ ಮೀಟಿಂಗಿಗೆ ಹೊರಟೇ ಹೋದರು. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿತು. ಬಸ್ಸಿನವರ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ಬ್ಯಾಂಡೇಜು ತೆಗೆದು ಸುತ್ತಿಕೊಂಡ ಟಣ್ಣಪ್ಪ. ಬ್ಯಾಂಜೊ ಬೀಗದೊಳಗೆ, ಬೆರಳು ಬ್ಯಾಂಡೇಜಿನೊಳಗೆ, ಸಂಜೆಗೆ ಪರೀಕ್ಷೆ. ಅವನಿಗೆ ಕೂತಲ್ಲೇ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಸಾಹೇಬರು ವಾಪಸ್ ಬಂದದ್ದು ಕೌಂಟರು ಮುಚ್ಚುವ ಹೊತ್ತಿಗೆ. ಬೀರು ತೆಗೆದು ತಲೆದಿಂಬಿನ ಕವರ್ ಎಳೆದರೆ ಬ್ಯಾಂಜೊ ಕತ್ತು ಚಾಚಿತು.

"ಇದು ಯಾವ ಬಸ್ಸಲ್ಲಿ ಸಿಕ್ತು?"

"ಸಾರ್, ಅದು ನನ್ನದೇ ಸಾರ್. ನೀವೇ ಕೊಟ್ಟಿದ್ರಿ."

"ಎಲ್ರೂ ನನ್ನದೇ ಅಂತಾನೇ ಬರೋದು. ನೀವು ಜನಕ್ಕೆ ಏನ್ರೀ ಕೇಳ್ತೀರಿ?"

ಟಣ್ಣಪ್ಪ ತಲೆ ತಗ್ಗಿಸಿದ. "ನಿಮ್ಮದೇ ಅನ್ನೋದಕ್ಕೆ ಏನು ಗುರುತು ಅಂತ ಕೇಳ್ತೀನಿ ಸಾರ್."

"ಹೇಳಿ ಮತ್ತೆ, ಏನು ಗುರುತು?"

ಕೌಂಟರಿನ ಆಚೆ ಛತ್ರಿ ಕೇಳಲು ಬಂದ ಹೆಂಗಸೊಬ್ಬಳು ನಿಂತಿದ್ದಳು. "ಅವರದೇ ಆದ್ರೆ ಬಾರಿಸಲಿ ಬಿಡಿ ಸಾರ್. ಬೇರೆಯವರ ಸಾಮಾನು ಬಾರಿಸೋಕೆ ಬರುತ್ತಾ?" ಅಂದಳು. ಸಾಹೇಬರಿಗೆ ಅದು ನ್ಯಾಯ ಅನ್ನಿಸಿತು.

ಟಣ್ಣಪ್ಪ ಬ್ಯಾಂಜೊ ತೆಗೆದುಕೊಂಡ. ಕಿರುಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು, ಯಾವ ಕೆಲಸಕ್ಕೂ ಇಲ್ಲ. ರಾಗ ಬೆಟ್ಟ ಹತ್ತಿತು. ತುದಿ ಬಂತು. ಬೇರೆ ದಾರಿ ಇಲ್ಲದೆ ಇಡೀ ಕೈಯನ್ನೇ ಕತ್ತಿನ ಗುಂಟ ಸರ್ರನೆ ಜಾರಿಸಿದ. ಉಂಗುರದ ಬೆರಳು ಹೋಗಿ ದೂರದ ಪಟ್ಟಿಯ ಮೇಲೆ ತಾನೇ ತಾನಾಗಿ ಕೂತಿತು.

ಟಣ್ ಇಲ್ಲ!

ರಾಗ ತುದಿ ಮುಟ್ಟಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ಆ ಕಡೆ ಇಳಿಜಾರಿಗೆ ನೀರಿನ ಹಾಗೆ ಇಳಿಯಿತು. ಟಣ್ಣಪ್ಪನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇನ್ನೊಮ್ಮೆ ನುಡಿಸಿದ. ಇಲ್ಲ! ಎರಡು ವರ್ಷ ಆ ಪುಟ್ಟ ಬೆರಳಿಗೆ ಅದರದ್ದಲ್ಲದ ಕೆಲಸ ಕೊಟ್ಟು, ಮಾಡಲಿಲ್ಲ ಅಂತ ಬೈದದ್ದು ತಾನೇ. ಬ್ಯಾಂಡೇಜಿನ ಬೆರಳನ್ನು ನೋಡಿ "ಕ್ಷಮಿಸಪ್ಪಾ" ಅಂದೇ ಬಿಟ್ಟ.

"ನಿಮ್ಮದೇ, ತಗೊಂಡ್ಹೋಗಿ" ಅಂದರು ಸಾಹೇಬರು. ಅವರ ದನಿ ಮೆತ್ತಗಾಗಿತ್ತು. ಛತ್ರಿ ಕೇಳಲು ಬಂದ ಹೆಂಗಸು ಕೇಳುತ್ತ ಕೇಳುತ್ತ ಮೈಮರೆತು ಛತ್ರಿ ಅಲ್ಲೇ ಬಿಟ್ಟು ಹೋದಳು.

ಸಂಜೆ ಟೆರೇಸಿನ ಮೇಲೆ ಇಡೀ ಬಿಲ್ಡಿಂಗು ಸೇರಿತ್ತು. ಮುಂದಿನ ಕುರ್ಚಿಯಲ್ಲಿ ಅಧ್ಯಕ್ಷರು. ಅವರ ಪಕ್ಕ ಎದುರು ಮನೆಯ ದರ್ಜಿ. ಟಣ್ಣಪ್ಪ ನುಡಿಸುವಾಗ ಈ ದರ್ಜಿಯ ಹೊಲಿಗೆ ಯಂತ್ರ ಇದ್ದಕ್ಕಿದ್ದ ಹಾಗೆ ಗಕ್ಕನೆ ನಿಲ್ಲುತ್ತಿತ್ತು. ಸಿಟ್ಟಿಗೆ ನಿಲ್ಲಿಸುತ್ತಾನೆ ಅಂತ ಟಣ್ಣಪ್ಪ ತಿಳಿದಿದ್ದ. ಚಾಪೆಯ ಮೇಲೆ ಮೇಲ್ಮನೆ ಅಜ್ಜಿ, ಅವಳ ತೊಡೆಯ ಮೇಲೆ ಕಣ್ಣು ಎಳೆಯುತ್ತಿದ್ದ ಮೊಮ್ಮಗಳು, ಇನ್ನೂ ಕೈಗೂಸು. ಹಿಂದೆ, ನೀರಿನ ಟ್ಯಾಂಕಿಗೆ ಒರಗಿ, ಔಷಧಿ ಅಂಗಡಿಯಿಂದ ಬೇಗ ಓಡಿ ಬಂದ ಹೆಂಡತಿ. ಬ್ಯಾಂಡೇಜು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಟಣ್ಣಪ್ಪ ಅವಳಿಗೆ ಮಾತ್ರ ಕಾಣುವ ಹಾಗೆ ಸಣ್ಣಗೆ ನಕ್ಕ. ಮದುವೆಯಾದ ಮೇಲೆ ಅಷ್ಟು ಧೈರ್ಯವಾಗಿ ಅವನು ನಕ್ಕದ್ದನ್ನು ಅವಳು ಕಂಡಿರಲಿಲ್ಲ.

ಬೆನ್ನಿನ ಟವೆಲ್ ಕಿತ್ತು ಪಕ್ಕಕ್ಕಿಟ್ಟು ಅವನು ಶುರು ಮಾಡಿದ.

ನಾನು ಹೇಳುತ್ತೇನೆ ಕೇಳಿ, ಆ ಸಂಜೆ ಅವನು ನುಡಿಸಿದ್ದನ್ನು ಫೋನಿನ ಅಜ್ಜ ಕೇಳಿದ್ದರೆ ಮೆಟ್ಟಿಲಿಂದ ಎದ್ದು ನಿಲ್ಲುತ್ತಿದ್ದ. ಒಂದೊಂದು ಸ್ವರವೂ ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛ. ರಾಗ ಹತ್ತಿತು. ತುದಿ ಹತ್ತಿರ ಬಂದ ಹಾಗೆ ಅಧ್ಯಕ್ಷರು ಮುಂದಕ್ಕೆ ಬಾಗಿದರು, ದರ್ಜಿಯ ಪಾದ ನೆಲ ತಟ್ಟತೊಡಗಿತು, ಇಡೀ ಟೆರೇಸು ಉಸಿರು ಹಿಡಿಯಿತು. ಕೈ ಜಾರಿತು. ಬೆರಳು ಕೂತಿತು. ರಾಗ ಎಲ್ಲೂ ಎಡವದೆ ತುದಿ ದಾಟಿ, ಇಳಿದು, ಮನೆ ಸೇರಿತು.

ಟಣ್ಣಪ್ಪ ಕಣ್ಣು ತೆರೆದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷರು ಇನ್ನೂ ಮುಂದಕ್ಕೆ ಬಾಗಿಯೇ ಇದ್ದರು.

"ಎಲ್ಲೋ ಏನೋ ಬಿಟ್ಟು ಹೋಯ್ತಲ್ಲ ಟಣ್ಣಪ್ಪನೋರೇ" ಅಂದರು.

"ಇಲ್ಲ ಸಾರ್, ಪೂರ್ತಿ ನುಡಿಸಿದೆ."

"ಎಲ್ಲಿ ಪೂರ್ತಿ?" ದರ್ಜಿ ಎದ್ದ. "ಆ ಟಣ್ ಎಲ್ಲಿ ಹೋಯ್ತು? ನಾನು ದಾರ ಕತ್ತರಿಸೋದೇ ಆ ಟಣ್‌ಗೆ. ಎರಡು ವರ್ಷದಿಂದ ಒಂದು ಹೊಲಿಗೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಈಗ ನೋಡಿ, ನನ್ನ ಕಾಲು ಇನ್ನೂ ತುಳೀತಾನೇ ಇದೆ!"

"ನಾನು ಬಗ್ಗಿದೋನು ಆ ಟಣ್‌ಗೇ ಏಳೋದು" ಅಂದರು ಅಧ್ಯಕ್ಷರು, ಸೊಂಟ ಹಿಡಿದುಕೊಂಡು ಕಷ್ಟಪಟ್ಟು ನೆಟ್ಟಗಾಗುತ್ತ. "ಸಂಜೆ ಬಗ್ಗೋದು ನಿಮ್ಮ ತಾಳಕ್ಕೆ. ಬೆಳಗ್ಗೆ ಮನಸ್ಸಲ್ಲೇ ನೆನೆಸ್ಕೊಂಡು ಬಗ್ತೀನಿ."

ಟಣ್ಣಪ್ಪ ಎದ್ದೇ ನಿಂತ. "ಸಾರ್, ಟಣ್ ಅನ್ನೋದೇ ತಪ್ಪು ಸಾರ್! ರಾಗದಲ್ಲಿ ಅದು ಇಲ್ಲವೇ ಇಲ್ಲ!"

"ಕುಣಿಯೋಕೆ ಬಾರದೋರು ನೆಲ ಡೊಂಕು ಅಂದ್ರಂತೆ" ಅಂತ ಯಾರೋ ಹಿಂದಿನಿಂದ ಅಂದರು.

ಅವನು ಫೋನು ತೆಗೆದು ಅಜ್ಜನ ವಿಡಿಯೊ ಹಾಕಿ ಎತ್ತಿ ಹಿಡಿದ. ಎಲ್ಲರೂ ಸುತ್ತ ಸೇರಿ ಕಿವಿಗೊಟ್ಟು ಕೇಳಿದರು. ಅಜ್ಜ ಬೆಟ್ಟ ಹತ್ತಿದ, ದಾಟಿದ, ಇಳಿದ.

"ಪಾಪ, ಇವರಿಗೂ ಅಲ್ಲೇ ತಪ್ಪುತ್ತೆ" ಅಂದ ದರ್ಜಿ.

"ವಯಸ್ಸಾಗಿದೆ, ಮರೆತಿರಬೇಕು" ಅಂದರು ಅಧ್ಯಕ್ಷರು, ದೊಡ್ಡ ಮನಸ್ಸು ಮಾಡಿ. "ಸರಿ, ಓಟಿಗೆ ಹಾಕೋಣ. ತಪ್ಪಿಲ್ಲದೆ ನುಡಿಸಿದ್ರು ಅನ್ನೋರು ಕೈ ಎತ್ತಿ."

ನೀರಿನ ಟ್ಯಾಂಕಿನ ಹತ್ತಿರ ಒಂದೇ ಒಂದು ಕೈ ಎದ್ದಿತು. ಅವನ ಹೆಂಡತಿಯದು. ಎತ್ತಿದವಳು ಇಳಿಸಲೇ ಇಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಟಣ್ಣಪ್ಪ ಆ ಕೈಯನ್ನೇ ನೋಡುತ್ತ, ಎರಡು ವರ್ಷದ ಕಷ್ಟಕ್ಕೆ ಅಷ್ಟು ಸಾಕು ಅಂದುಕೊಂಡ. ಬ್ಯಾಂಜೊವನ್ನು ಮೆಲ್ಲಗೆ ತಲೆದಿಂಬಿನ ಕವರಿಗೆ ಹಾಕತೊಡಗಿದ.

ಅಷ್ಟರಲ್ಲಿ ಅಜ್ಜಿಯ ತೊಡೆಯ ಮೇಲಿನ ಕೂಸು ಕಿಟಾರನೆ ಕಿರುಚಿತು. ಅದುವರೆಗೂ ಕಣ್ಣು ಪಿಳಿಪಿಳಿ ಬಿಡುತ್ತ ಏನನ್ನೋ ಕಾದಿದ್ದ ಕೂಸು, ಕಾದದ್ದು ಬರಲಿಲ್ಲ ಅಂತ ಖಾತ್ರಿಯಾದ ಮೇಲೆ ಬಿಲ್ಡಿಂಗೇ ನಡುಗುವ ಹಾಗೆ ಅಳಲು ಶುರು ಮಾಡಿತು.

"ನೋಡಿದ್ಯೇನಪ್ಪಾ ಮಾಡಿದ ಕೆಲಸ!" ಅಜ್ಜಿ ಎದ್ದು ನಿಂತಳು. "ಹುಟ್ಟಿದಾಗಿಂದ ಈ ಕೂಸು ನಿನ್ನ ಹಾಡಿಗೇ ಮಲಗೋದು. ಆ ಟಣ್ ಅಂದ ಕೂಡ್ಲೇ ಕಣ್ಣು ಮುಚ್ಚೋದು. ಈಗ ಟಣ್ ಇಲ್ಲ, ನಿದ್ದೆ ಇಲ್ಲ. ಇವಳನ್ನ ಯಾರು ಮಲಗಿಸ್ತಾರೆ, ಅಧ್ಯಕ್ಷರಾ?"

"ಅಮ್ಮಾ, ನಿಯಮ ಅಂದ್ರೆ ನಿಯಮ. ಫೇಲಾಗಿದಾರೆ. ಬ್ಯಾಂಜೊ ಹೋಗಬೇಕು."

"ಹೋಗೋದು ಹೇಗೆ ಹೋಗುತ್ತೆ, ನೋಡೇ ಬಿಡ್ತೀನಿ! ನನ್ನ ಹೆಣ ದಾಟಿ ತಗೊಂಡು ಹೋಗಲಿ!" ಅಜ್ಜಿ ಕೂಸನ್ನು ಸೊಂಟಕ್ಕೆ ಏರಿಸಿ ಮೆಟ್ಟಿಲ ಬಾಗಿಲಿಗೆ ಅಡ್ಡ ನಿಂತಳು. ದರ್ಜಿಯೂ ಮೆಲ್ಲಗೆ ಹೋಗಿ ಅಜ್ಜಿಯ ಪಕ್ಕ ನಿಂತ. "ಅದು ಹೋದ್ರೆ ದಾರ ಯಾವಾಗ ಕತ್ತರಿಸಬೇಕು ಅಂತ ನನಗೂ ಗೊತ್ತಾಗಲ್ಲ" ಅಂದ. ಅಧ್ಯಕ್ಷರು ಒಮ್ಮೆ ಸೊಂಟ ಮುಟ್ಟಿ ನೋಡಿಕೊಂಡರು. ಬಗ್ಗಿದವರು ಏಳುವುದು ಹೇಗೆ ಅನ್ನುವ ಪ್ರಶ್ನೆ ಅವರಿಗೂ ಇತ್ತು.

"ಸರಿ, ಹಾಗಾದ್ರೆ ಒಂದು ಅವಕಾಶ" ಅಂದರು ಗಂಟಲು ಸರಿಮಾಡಿಕೊಂಡು. "ನಾನು ಯಾವ ಹುಡುಗನ್ನೂ ಒಂದೇ ಪರೀಕ್ಷೆಗೆ ಸ್ಕೂಲು ಬಿಡಿಸಿದೋನಲ್ಲ. ಬ್ಯಾಂಜೊ ಇಲ್ಲೇ ಇರಲಿ. ಆದ್ರೆ ಮುಂದಿನ ವಾರ ಮರುಪರೀಕ್ಷೆ. ಮೊದಲಿನ ಹಾಗೆ, ಸರಿಯಾಗಿ, ಟಣ್ ಸಮೇತ! ಆಗ್ಲೂ ಬರಲಿಲ್ಲ ಅಂದ್ರೆ ಅಜ್ಜಿಯಲ್ಲ, ಯಾರು ಅಡ್ಡ ಬಂದ್ರೂ ಕೇಳಲ್ಲ."

"ಅದಕ್ಕೆ ವಾರ ಯಾಕೆ ಸಾರ್, ಎರಡು ವರ್ಷ ನುಡಿಸಿದ್ದು ತಾನೇ, ಈಗಲೇ ತೋರಿಸ್ತೀನಿ" ಅಂತ ಟಣ್ಣಪ್ಪ ಖುಷಿಯಿಂದ ಬ್ಯಾಂಜೊ ಎತ್ತಿಕೊಂಡ. ಬೆಟ್ಟ ಹತ್ತಿದ. ತುದಿ ಬಂತು. ಟಣ್ ಅನ್ನಿಸಬೇಕು ಅನ್ನುವಷ್ಟರಲ್ಲಿ ಕೈ ತಾನಾಗಿ ಜಾರಿ, ಉಂಗುರದ ಬೆರಳು ಮಹಾ ವಿಧೇಯತೆಯಿಂದ ಜಾಗಕ್ಕೆ ಕೂತು ಬಿಟ್ಟಿತು. ರಾಗ ನೀರಿನ ಹಾಗೆ ಇಳಿಯಿತು. ಕೂಸು ಇನ್ನೂ ಜೋರಾಗಿ ಅತ್ತಿತು. ಮತ್ತೊಮ್ಮೆ ನುಡಿಸಿದ. ಮತ್ತೆ ಅಚ್ಚುಕಟ್ಟು. ಕಲಿತ ಬೆರಳು ಕಲಿತದ್ದನ್ನು ಬಿಡಲು ಒಪ್ಪಲಿಲ್ಲ. ಬ್ಯಾಂಡೇಜಿನ ಕಿರುಬೆರಳು ಮಾತ್ರ ದೂರದಲ್ಲಿ ನೆಟ್ಟಗೆ ನಿಂತು, ಅನುಭವಿಸು ಮಗನೇ ಅನ್ನುವ ಹಾಗೆ ನೋಡುತ್ತಿತ್ತು.

ಊಟವಾದ ಮೇಲೆ ಮನೆಯಲ್ಲಿ ಹೆಂಡತಿ ಬೆರಳಿಗೆ ಮುಲಾಮು ಹಚ್ಚಿ ಹೊಸ ಬ್ಯಾಂಡೇಜು ಸುತ್ತಿದಳು. "ನನಗೆ ಗೊತ್ತು, ಇವತ್ತು ಸರಿಯಾಗಿ ಬಂತು" ಅಂದಳು. "ಆ ಅಜ್ಜನಿಗಿಂತ ಚೆನ್ನಾಗಿತ್ತು." ಟಣ್ಣಪ್ಪ ಅವಳ ಕೈಯನ್ನು ಹಿಡಿದುಕೊಂಡು ಕೂತ. ಆಮೇಲೆ ನಿಟ್ಟುಸಿರು ಬಿಟ್ಟು ಬ್ಯಾಂಜೊ ಎತ್ತಿಕೊಂಡು ಅದರ ಬೆನ್ನಿಗೆ ಟವೆಲ್ ತುರುಕಲು ಹೋದ.

ಹೆಂಡತಿ ಟವೆಲ್ ಕಿತ್ತುಕೊಂಡಳು. "ಇದು ಬೇಡ. ಎಲ್ಲರಿಗೂ ಕೇಳಿಸ್ಲಿ, ತಿದ್ದೋಕೆ ಬೇಕಲ್ಲ."

ಅವನು ಹತ್ತಿದ. ಈ ಸಲ ಬಲವಂತವಾಗಿ ಒಂದು ಟಣ್ ಬಾರಿಸಿದ.

"ಬೇಗ ಆಯ್ತು!" ಕೆಳಗಿನಿಂದ ಅಧ್ಯಕ್ಷರು ಕೂಗಿದರು.

ಮತ್ತೆ ಹತ್ತಿದ. ಟಣ್.

"ತಡ ಆಯ್ತು, ಎರಡು ಹೊಲಿಗೆ ಜಾಸ್ತಿ!" ಎದುರು ಮನೆಯಿಂದ ದರ್ಜಿ.

ಮೇಲೆ ಕೂಸು ಅಳುತ್ತಲೇ ಇತ್ತು. ಹೆಂಡತಿ ಕೆನ್ನೆಗೆ ಕೈ ಕೊಟ್ಟು, ಕಣ್ಣು ಮುಚ್ಚಿ, ಗಮನವಿಟ್ಟು ಕೇಳಿದಳು. ಆಮೇಲೆ ತಲೆಯಾಡಿಸಿದಳು.

"ಊಹೂಂ, ಇನ್ನೂ ಸರಿಯಾಗಿ ತಪ್ಪಿಲ್ಲ ರೀ. ಮೊದಲಿಂದ ನುಡಿಸಿ."